ಯಂಕಕ್ಕನ ಅಪೀಲು

ಹಾನಗಲ್ಲು
೧೧ ಫೆಬ್ರುವರಿ ೧೯೬೮, ರವಿವಾರ

ಚಿಕ್ಕೇರೂರಿನ ಯಂಕಕ್ಕನವರಿಗೆ, ಶಿದ್ಲಿಂಗಪ್ಪ ವಕೀಲರ ಗುಮಾಸ್ತ ಮಕ್ತುಮಸಾಬನ ಸಲಾಮು.

ನಿಮ್ಮ ಮಗಳು ಸರೋಜಾ ಬರೆದ ಕಾರ್ಡು ಬುಧವಾರ ಕೈಸೇರಿತು. ಹಂಸಭಾವಿಯ ಶಾಲೆಯಲ್ಲಿ ಮಾಸ್ತರರು ಕೋರ್ಟುಗಳ ಪಾಠ ಹೇಳುವಾಗ ಅಪೀಲು ಎಂಬ ಮಾತು ಬಂದಿತಂತೆ. ಅದರ ಅರ್ಥವೇನು, ಅದು ಯಾವ ಭಾಷೆಯಿಂದ ಬಂದದ್ದು ಎಂದು ಕೇಳಿದ್ದಾಳೆ. 'ಅವ್ವನನ್ನು ಕೇಳಿದರೆ ಸುಮ್ಮನೆ ನಗುತ್ತಾಳೆ, ಹಾನಗಲ್ಲ ಮಾಮಾನ್ನ ಕೇಳು ಅನ್ನುತ್ತಾಳೆ' ಎಂದೂ ಬರೆದಿದ್ದಾಳೆ. ಅಕ್ಷರ ಎಷ್ಟು ದುಂಡಗಿವೆ! ಹದಿನೆಂಟು ವರ್ಷ ಬರೆಯುವುದೇ ಕಸುಬಾದ ನನಗೂ ಅಂಥ ಅಕ್ಷರ ಬಂದಿಲ್ಲ.

ಅವಳ ಪ್ರಶ್ನೆಗೆ ಒಂದು ಕಾರ್ಡಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಬರೆಯಲು ಕುಳಿತೆ ಕೂಡ. ಆದರೆ ಆ ಮಾತಿನ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಿಮ್ಮಿಂದ. ಆದ್ದರಿಂದ ಉತ್ತರವನ್ನು ನಿಮಗೇ ಬರೆಯುತ್ತಿದ್ದೇನೆ. ನಿಮಗೆ ಓದು ಬಾರದು, ಸರೋಜಾ ನಿಮ್ಮೆದುರು ಕುಳಿತು ಗಟ್ಟಿಯಾಗಿ ಓದುತ್ತಾಳೆ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಏನನ್ನೂ ಮುಚ್ಚಿಡುವುದಿಲ್ಲ. ನೀವೇ ಒಮ್ಮೆ ಹೇಳಿದ್ದಿರಿ: "ಆಕಿ ದೊಡ್ಡಾಕಿ ಆದ ಮ್ಯಾಲೆ ಎಲ್ಲಾ ಹೇಳೂದ ಐತ್ರಿ. ಮಂದಿ ಬಾಯಾಗ ಕೇಳೂಕಿಂತ ಮನಿಯಾಗ ಕೇಳೂದು ಚಲೋ." ಅವಳಿಗೆ ಈಗ ಹದಿನೇಳು ತುಂಬುತ್ತಿದೆ. ಕೇಳಿಸಿಕೊಳ್ಳುವ ವಯಸ್ಸು ಅದೇ.

ನಿಮ್ಮನ್ನು ನಾನು ಮೊದಲು ಕಂಡದ್ದು ೧೯೫೮ರಲ್ಲಿ. ನನ್ನ ಅವ್ವ ಹಾಜರಾಬಿ ನಿಮ್ಮನ್ನು ವಕೀಲರ ಮನೆಗೆ ಕರೆತಂದಿದ್ದಳು. ನಾವು ಮೂಲತಃ ಸವಣೂರಿನವರು. ಅಪ್ಪ ತೀರಿದ ಮೇಲೆ ಅವ್ವ ಹಾನಗಲ್ಲಿಗೆ ಬಂದು, ಬಳೆಯ ಮಲಾರ ಹೆಗಲಿಗೇರಿಸಿ ಹಿರೇಕೆರೂರು ತಾಲೂಕಿನ ಹಳ್ಳಿಗಳನ್ನೆಲ್ಲ ತಿರುಗುತ್ತಿದ್ದಳು. ಚಿಕ್ಕೇರೂರಿನಲ್ಲಿ ಅವಳು ಕೈಗೆ ಬಳೆ ಇಡದ ಹೆಣ್ಣುಮಗಳು ಇರಲಿಲ್ಲ. ಆ ದಿನ ನೀವು ವಕೀಲರ ಪಡಸಾಲೆಯ ಕಂಬಕ್ಕೆ ಒರಗದೆ ನೆಟ್ಟಗೆ ಕುಳಿತಿದ್ದಿರಿ. ಕೈಯಲ್ಲಿ ಬಳೆಗಳಿರಲಿಲ್ಲ. ಏಳು ವರ್ಷದ ಸರೋಜಾ ನಿಮ್ಮ ಸೆರಗನ್ನು ಹಿಡಿದು ನನ್ನ ಮಸಿಕುಡಿಕೆಯನ್ನೇ ನೋಡುತ್ತಿದ್ದಳು.

ನಿಮ್ಮ ಕಥೆಯನ್ನು ಅವ್ವನೇ ಹೇಳಿದಳು. ಹಂಸಭಾವಿಯ ಫಕೀರಪ್ಪನವರ ಮಗಳು ನೀವು. ಹದಿನಾರಕ್ಕೆ ಮೊದಲ ಗಂಡ ಸತ್ತ. ಐದು ವರ್ಷ ತವರಲ್ಲಿದ್ದಿರಿ. ೧೯೪೯ರಲ್ಲಿ ಚಿಕ್ಕೇರೂರಿನ ಲಕ್ಷ್ಮಪ್ಪನವರು ತಾವಾಗಿ ಬಂದು ಕೇಳಿ, ನಿಮ್ಮನ್ನು ಉಡಿಕಿ ಮಾಡಿಕೊಂಡರು. ಗಂಡ ಸತ್ತವಳಿಗೆ ಸೀರೆ ಉಡಿಸಿ, ತಾಳಿ ಕಟ್ಟಿ ಮನೆಗೆ ಕರೆದೊಯ್ಯುವ ಈ ಪದ್ಧತಿಗೆ ನಮ್ಮ ಕಡೆ ವಾಲಗವಿಲ್ಲ, ಹಂದರವಿಲ್ಲ, ಕರೆಯೋಲೆ ಇಲ್ಲ. ನಾಲ್ಕು ಮಂದಿ ಹಿರಿಯರು, ಒಂದು ದೀಪ, ಅಷ್ಟೆ. ಎಂಟು ವರ್ಷ ಬಾಳಿದಿರಿ. ೧೯೫೭ರ ಸುಗ್ಗಿಯಲ್ಲಿ ಚಕ್ಕಡಿ ಉರುಳಿ ಲಕ್ಷ್ಮಪ್ಪನವರು ತೀರಿಹೋದರು. ಮಣ್ಣು ಮಾಡಿ ತಿಂಗಳಾಗುವ ಮೊದಲೇ ನಿಮ್ಮ ಮೈದುನ ಮಹಾಲಿಂಗಪ್ಪನವರು, ನೀವು ಅಣ್ಣನ ಹೆಂಡತಿಯೇ ಅಲ್ಲ, ಹೊಲ ಮನೆಯಲ್ಲಿ ನಿಮಗೂ ಮಗಳಿಗೂ ಏನೂ ಇಲ್ಲ ಎಂದು ಹೊರಗೆ ಹಾಕಿದರು. ಉಡಿಕಿಗೆ ಬಂದಿದ್ದ ನಾಲ್ವರು ಹಿರಿಯರಲ್ಲಿ ಇಬ್ಬರು ಸತ್ತಿದ್ದರು. ಒಬ್ಬರು ಮಹಾಲಿಂಗಪ್ಪನವರ ಮಾವ. ಉಳಿದವರು ಹೊಳಬಸಪ್ಪನವರು, ಅವರಿಗೆ ಏನೂ ನೆನಪಿಲ್ಲವಂತೆ.

ದಾವೆಯ ಕಾಗದ ಬರೆಯುವ ಕೆಲಸ ನನಗೆ ಬಂತು. ಆಗ ನನಗೆ ಇಪ್ಪತ್ತೆರಡು ವರ್ಷ. ಕಾಗದದ ಮೇಲ್ಗಡೆ ಮೊದಲು ವಾದಿಯ ಹೆಸರು ಬರೆಯಬೇಕು. ಮದುವೆಯಾದ ಹೆಣ್ಣುಮಗಳಾದರೆ ಹೆಸರಿನ ಮುಂದೆ 'ಕೋಂ' ಎಂದು ಬರೆದು ಗಂಡನ ಹೆಸರು ಸೇರಿಸುವುದು ನಮ್ಮ ಕಡೆಯ ಕೋರ್ಟುಗಳ ರೂಢಿ. ಕೋಂ ಎಂದರೆ ಇಂಥವರ ಹೆಂಡತಿ ಎಂದು. ಹೆಸರು ಅವ್ವನಿಂದ ನನಗೆ ಗೊತ್ತಿದ್ದರೂ ವಾದಿಯ ಬಾಯಿಂದಲೇ ಕೇಳಿ ಬರೆಯಬೇಕಿತ್ತು. ಗರತಿಯರು ಗಂಡನ ಹೆಸರು ಹೇಳುವುದಿಲ್ಲ, ಅದರಲ್ಲೂ ತೀರಿಹೋದ ಗಂಡನ ಹೆಸರನ್ನು ಹೇಗೆ ಕೇಳಲಿ ಎಂದು ನಾಚಿಕೊಂಡು, "ನಿಮ್ಮ ತಂದಿ ಹೆಸರು ಹೇಳ್ರಿ ಅಕ್ಕಾ" ಎಂದುಬಿಟ್ಟೆ. ನೀವು ಹೇಳಿದಿರಿ. 'ಯಂಕವ್ವ ತಂದೆ ಫಕೀರಪ್ಪ' ಎಂದು ಬರೆದೆ. ವಕೀಲರಿಗೆ ಆ ವಾರ ಕಣ್ಣುಬೇನೆ. ಒಳಗಿನ ಸಂಗತಿಯನ್ನೆಲ್ಲ ಅವರು ಬಾಯಿಯಿಂದ ಹೇಳಿ ಬರೆಸಿದರು, ಮೇಲಿನ ಹೆಸರನ್ನು ನೋಡದೆ ಸಹಿ ಹಾಕಿದರು. ಅದು ಹಾಗೆಯೇ ಕೋರ್ಟಿಗೆ ಹೋಯಿತು.

ಕೆಳಗಿನ ಕೋರ್ಟು ಯಾವ ಊರಿನದು, ನ್ಯಾಯಾಧೀಶರು ಯಾರು ಎಂಬುದು ಈಗ ಬೇಡ. ಅವರು ಕೆಟ್ಟವರಾಗಿರಲಿಲ್ಲ, ಎದುರಿಗಿದ್ದ ಕಾಗದವನ್ನಷ್ಟೇ ನೋಡಿದರು. ನಿಮ್ಮ ಕಡೆಗೆ ಇದ್ದ ಸಾಕ್ಷಿ ನನ್ನ ಅವ್ವ ಒಬ್ಬಳೇ. ಅವಳು ಕಟಕಟೆಯಲ್ಲಿ ನಿಂತು, ಉಡಿಕಿಯ ದಿನ ಹಂಸಭಾವಿಗೆ ಹೋಗಿ ನಿಮ್ಮ ಎರಡೂ ಕೈಗೆ ಹಸಿರು ಬಳೆ ಇಟ್ಟಿದ್ದನ್ನು ಹೇಳಿದಳು. ಎದುರು ಪಕ್ಷದ ವಕೀಲರು, "ನೀನು ಮುಸಲ್ಮಾನರಾಕಿ, ಉಡಿಕಿ ಶಾಸ್ತ್ರ ನಿನಗೇನ ಗೊತ್ತು?" ಎಂದು ಜಬರಿಸಿದಾಗ ಅವ್ವ ಕೊಟ್ಟ ಉತ್ತರ ನಿಮಗೆ ನೆನಪಿರಬೇಕು.

"ಶಾಸ್ತ್ರ ಗೊತ್ತಿಲ್ರಿ ಸಾಹೇಬ್ರ. ಕೈ ಗೊತ್ತೈತ್ರಿ. ಗಂಡ ಸತ್ತಾಕಿ ಮನಿಗೆ ಬಳೆಗಾರ್ತಿನ ಯಾರೂ ಕರಿಯೂದಿಲ್ರಿ. ನನ್ನ ಕರದ್ರು, ನಾ ಹ್ವಾದೆ. ಬಳಿ ಇಟ್ಟ ಮ್ಯಾಲೆ ಆಕಿ ನನಗ ನಮಸ್ಕಾರ ಮಾಡಿದಳ್ರಿ, ಮುತ್ತೈದಿಯಾಗಿ ಬಾಳವ್ವಾ ಅಂದೇನ್ರಿ."

ಬರೆದುಕೊಳ್ಳುವವರು ಅಷ್ಟನ್ನೂ ಬರೆದುಕೊಂಡರು. ಆದರೂ ೧೯೬೦ರ ಮಾರ್ಚಿನಲ್ಲಿ ದಾವೆ ಬಿದ್ದುಹೋಯಿತು. ಹಾಜರಾಬಿ ಪರಧರ್ಮದವಳು, ಮೇಲಾಗಿ ವಾದಿಯ ವಕೀಲರ ಗುಮಾಸ್ತನ ತಾಯಿ, ಅವಳ ಮಾತು ನಂಬುವಂತಿಲ್ಲ ಎಂದರು. ಮತ್ತು, ವಾದಿಯು ತನ್ನ ದಾವೆಯ ತಲೆಬರಹದಲ್ಲೇ ತನ್ನನ್ನು ಲಕ್ಷ್ಮಪ್ಪನ ಹೆಂಡತಿ ಎಂದು ಹೇಳಿಕೊಂಡಿಲ್ಲ ಎಂದೂ ಬರೆದರು. ಆ ತಲೆಬರಹ ನನ್ನದೇ ಕೈಯ ಬರಹ.

ತೀರ್ಪು ಇಂಗ್ಲಿಷಿನಲ್ಲಿತ್ತು. ಹೊರಗೆ ಬಂದು ನೀವು ಕೇಳಿದಿರಿ, "ನನ್ನ ಏನಂತ ಬರದಾರ್ರಿ?" ಲಗ್ನ ರುಜುವಾತಾಗಿಲ್ಲ ಎಂದಿದ್ದಾರೆ ಎಂದೆ. "ಅಷ್ಟ ಆಗಿದ್ರ ನೀವು ನೆಲ ನೋಡ್ಕೊಂತ ಹೇಳ್ತಿರಲಿಲ್ಲ ತಮ್ಮಾ. ಇದ್ದದ್ದ ಹೇಳ್ರಿ." ನಾನು ವಕೀಲರ ಕಡೆ ನೋಡಿದೆ. ವಕೀಲರೇ ಮೆಲ್ಲಗೆ ಹೇಳಿದರು: "ಲಕ್ಷ್ಮಪ್ಪ ಇಟ್ಟುಕೊಂಡಾಕಿ ಅಂತ ಬರದಾರವ್ವಾ."

ನೀವು ಅಳುತ್ತೀರಿ ಎಂದುಕೊಂಡೆ. ನೀವು ಸೆರಗನ್ನು ಬಿಗಿಮಾಡಿಕೊಂಡು ಕೇಳಿದ್ದು ಇಷ್ಟೇ: "ಎಷ್ಟ ಸರ್ತಿ ಬರದಾರ್ರಿ?" ವಕೀಲರು ಕೈಯಲ್ಲಿದ್ದ ಕಾಗದವನ್ನು ನನ್ನ ಕಡೆ ಚಾಚಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಹಾಳೆ ತಿರುವಿ ನೋಡಿದೆ. ಏಳು ಸಲ.

"ಏಳು ಸರ್ತಿ" ಎಂದು ನೀವೂ ಒಮ್ಮೆ ಹೇಳಿಕೊಂಡಿರಿ. ಆಮೇಲೆ ಮಗಳ ಕೈ ಹಿಡಿದುಕೊಂಡು ಬಸ್ಸಿನ ಕಡೆ ನಡೆದಿರಿ.

ಮೂರು ದಿನದ ಮೇಲೆ ಹೊಳಬಸಪ್ಪನವರನ್ನು ಹಾನಗಲ್ಲಿಗೆ ಕಳುಹಿಸಿ ಮಹಾಲಿಂಗಪ್ಪನವರು ಒಂದು ರಾಜಿಯ ಮಾತು ಹೇಳಿಸಿದರು. ಎರಡು ಎಕರೆ ಹೊಲ, ಹಿತ್ತಲ ಕಡೆಯ ಎರಡು ಖೋಲಿ ನಿಮಗೆ ಬದುಕಿರುವ ತನಕ. ಅದಕ್ಕೆ ಬದಲು ತೀರ್ಪನ್ನು ಒಪ್ಪಿದ್ದೇನೆಂದು ನೀವು ಹೆಬ್ಬೆಟ್ಟು ಒತ್ತಬೇಕು. ವಕೀಲರು ನಿಮ್ಮನ್ನು ಕರೆಸಿ ಎಲ್ಲವನ್ನೂ ವಿವರಿಸಿದರು. ಅಪೀಲು ಹೋದರೆ ಗೆಲ್ಲುತ್ತೇವೆಂದು ಹೇಳಲಾರೆ, ಸೋತರೆ ಈ ಎರಡು ಎಕರೆಯೂ ಇಲ್ಲ ಎಂದರು. ಆ ವರ್ಷ ನೀವು ಹಂಸಭಾವಿಯಲ್ಲಿ ಅಣ್ಣನ ಹೊಲದಲ್ಲಿ ಕೂಗಿ ಕೂಗಿ ಜೋಳದ ಹಕ್ಕಿ ಕಾಯುತ್ತಿದ್ದಿರಿ. ಅತ್ತಿಗೆಯ ಮುಖ ನೋಡಿ ಊಟಕ್ಕೆ ಕೂರಬೇಕಾದ ದಿನಗಳು. ಯಾರಾದರೂ ಒಪ್ಪುತ್ತಿದ್ದರು. ನಾನಾದರೆ ಖಂಡಿತ ಒಪ್ಪುತ್ತಿದ್ದೆ.

ನೀವು ಕೇಳಿದಿರಿ, "ಅಪೀಲ ಅಂದ್ರ ಏನ್ರಿ?"

"ಮೇಲಿನ ಕೋರ್ಟಿಗೆ ಹೋಗೂದವ್ವಾ. ಈಗೀಗ ಕನ್ನಡದಾಗ ಮೇಲ್ಮನವಿ ಅಂತ ಬರೀತಾರ" ಎಂದರು ವಕೀಲರು.

"ಮನವಿ ಅಂದ್ರ ಬೇಡಿಕೊಳ್ಳೂದ ಆತಲ್ರಿ. ಕೈಕಾಲು ಹಿಡದು ಬೇಡೂದಾದ್ರ ನಾ ಒಲ್ಲೆರಿ. ಬೇಡೂದಿದ್ರ ಮೈದುನನ ಮುಂದನ ಬೇಡ್ತಿದ್ದೆ."

ಶಿದ್ಲಿಂಗಪ್ಪ ವಕೀಲರನ್ನು ನೀವು ಬಲ್ಲಿರಿ. ಪುಸ್ತಕ ತೆಗೆಯಲು ಒಂದು ನೆಪ ಸಿಕ್ಕರೆ ಬಿಡುವವರಲ್ಲ. "ಹಂಗಲ್ಲವ್ವಾ. ಮನವಿ ಅಂದ್ರ ಅರಿಕಿ. ಅರಿಕಿ ಅಂದ್ರ ಅರಿವಿಗೆ ತರೂದು, ಗೊತ್ತು ಮಾಡೂದು. ಬೇಡೂದು ಬ್ಯಾರೆ" ಎನ್ನುತ್ತಲೇ ಎದ್ದು, ಕಪಾಟಿನಿಂದ ತೊಗಲು ಹೊದಿಕೆಯ ದಪ್ಪ ಕೋಶವನ್ನು ಇಳಿಸಿಕೊಂಡರು. ಕನ್ನಡಕ ಒರೆಸಿಕೊಂಡು ಓದಿದರು. ಅಪೀಲು ಇಂಗ್ಲಿಷರದೂ ಅಲ್ಲ. ಅವರಿಗೆ ಅದು ಫ್ರೆಂಚರಿಂದ ಬಂತು, ಫ್ರೆಂಚರಿಗೆ ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ 'ಅಪ್ಪೆಲ್ಲಾರೆ' ಎಂದರೆ ಒಬ್ಬರನ್ನು ಮಾತಾಡಿಸುವುದು, ಹೆಸರು ಹಿಡಿದು ಕರೆಯುವುದು. ಎರಡು ಸಾವಿರ ವರ್ಷದ ಹಿಂದೆ ರೋಮ್ ಪಟ್ಟಣದಲ್ಲಿ ಒಬ್ಬ ಅಧಿಕಾರಿಯಿಂದ ಅನ್ಯಾಯವಾದರೆ, ಪ್ರಜೆಯಾದವನು ಜನರ ರಕ್ಷಣೆಗಾಗಿಯೇ ನೇಮಿಸಿದ್ದ ಇನ್ನೊಬ್ಬ ಅಧಿಕಾರಿಯನ್ನು ಕೂಗಿ ಕರೆಯಬಹುದಿತ್ತು. 'ಅಪ್ಪೆಲ್ಲೊ' ಎಂದರೆ, ನಾನು ಕರೆಯುತ್ತೇನೆ ಎಂದು. ಆ ಕೂಗು ಕೇಳಿದವನು ಬಂದು ನಡುವೆ ನಿಲ್ಲಬೇಕು.

ನನಗೂ ಒಂದು ಮಾತು ನೆನಪಾಗಿ ಹೇಳಿದೆ. ನನ್ನ ಅಜ್ಜ ಶೇಖಸಾಬ ಸವಣೂರಿನ ನವಾಬರ ಕಚೇರಿಯಲ್ಲಿ ಬರವಣಿಗೆಯಲ್ಲಿದ್ದ. ಅವನು ಅಪೀಲನ್ನು ಮುರಾಫಾ ಎನ್ನುತ್ತಿದ್ದ. ಆ ಉರ್ದು ಮಾತಿನ ಬೇರು ಅರಬ್ಬಿಯ 'ರಫಾ', ಅಂದರೆ ಎತ್ತುವುದು. ಕೆಳಗೆ ಬಿದ್ದದ್ದನ್ನು ಎತ್ತಿ ಮೇಲಿನವರ ಕಣ್ಣೆದುರು ಹಿಡಿಯುವುದು ಎಂದು ಅಜ್ಜ ಕೈ ಎತ್ತಿ ತೋರಿಸುತ್ತಿದ್ದ.

ನೀವು ನಮ್ಮಿಬ್ಬರ ಮುಖವನ್ನೂ ನೋಡಿ ಅಂದಿರಿ: "ಅಂದ್ರ, ಕೆಳಗಿನವ್ರಿಗೆ ಕೇಳಿಸಲಿಲ್ಲಂದ್ರ ಇನ್ನೊಮ್ಮೆ ಗಟ್ಟ್ಯಾಗಿ ಒದರೂದು ಅನ್ರಿ. ಅಷ್ಟ ಆದ್ರ ನನಗ ಬರ್ತೈತಿ. ದಿನಾ ಮುಂಜಾನಿಂದ ಹೊಲದಾಗ ಅದ ಮಾಡಾಕತ್ತೇನಿ."

ವಕೀಲರು ನಕ್ಕರು. ನಾನೂ ನಕ್ಕೆ. ನೀವು ನಗಲಿಲ್ಲ. "ಹೊಲ ಸಿಗದಿದ್ರ ಚಿಂತಿಲ್ರಿ. ಆ ಏಳು ಸರ್ತಿ ಬರದದ್ದನ್ನ ಹೊಡದು ಹಾಕಿಸ್ರಿ. ಅದು ನನಗಷ್ಟ ಅಲ್ಲ, ಈ ಕೂಸಿಗೂ ಹತ್ತಿದ್ದು. ಸತ್ತ ಗಂಡಗೂ ಹತ್ತಿದ್ದು. ಅವ್ರು ಹಿರ್ಯಾರ ಮುಂದ ತಾಳಿ ಕಟ್ಟಿದ ಮನಶ್ಯಾ" ಎಂದಿರಿ. ರಾಜಿಯ ಮಾತು ಅಲ್ಲಿಗೆ ಮುಗಿಯಿತು.

ತೀರ್ಪಿನ ಮೊಹರು ಹಾಕಿದ ನಕಲು ಸಿಕ್ಕಿತು. ಮೂವತ್ತು ದಿನದೊಳಗೆ ಧಾರವಾಡದ ಜಿಲ್ಲಾ ಕೋರ್ಟಿನಲ್ಲಿ ಕಾಗದ ಹಾಕಬೇಕು. ವಕೀಲರು ಅಲ್ಲಿಯ ಸ್ನೇಹಿತರೊಬ್ಬರಿಗೆ ಚೀಟಿ ಬರೆದು ನನ್ನನ್ನು ಹೊರಡಿಸಿದರು. ನೀವು ಬರುವ ಕೆಲಸವಿರಲಿಲ್ಲ. ಬಂದಿರಿ. "ಒದರಾಕಿ ನಾನು. ನಾನ ಇರದಿದ್ರ ಹೆಂಗ?" ಎಂದಿರಿ.

ಬಸ್ಸು ಶಿಗ್ಗಾವಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಮಧ್ಯಾಹ್ನಕ್ಕೆ ಎಂದರು. ಏಪ್ರಿಲ್ ತಿಂಗಳ ಬಿಸಿಲು. ಒಂದು ಬೇವಿನ ಮರದ ಕೆಳಗೆ ಕುಳಿತೆವು. ನೀವು ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮೊದಲು ನನ್ನ ಕೈಗೆ ಕೊಟ್ಟಿರಿ. ರೊಟ್ಟಿಯನ್ನು ಹಾಗೆಯೇ ತೊಡೆಯ ಮೇಲಿಟ್ಟುಕೊಂಡೆ. ಹೆಸರು ತಪ್ಪಿ ಬರೆದವನು ನಾನು, ಅದನ್ನೇ ಹಿಡಿದು ಅವರು ನಿಮ್ಮನ್ನು ಸೋಲಿಸಿದ್ದಾರೆ, ಇಷ್ಟು ದಿನ ಹೇಳಲು ಧೈರ್ಯವಾಗಲಿಲ್ಲ ಎಂದು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ನೀವು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನೀವು ಗಂಟನ್ನು ಮತ್ತೆ ಕಟ್ಟಿ ಬದಿಗಿಟ್ಟಿರಿ. ಆಮೇಲೆ ಕೇಳಿದಿರಿ:

"ನೀವು ಏನಂತ ಬರದ್ರಿ?"

"ಯಂಕವ್ವ ತಂದೆ ಫಕೀರಪ್ಪ ಅಂತ ಬರದೇನ್ರಿ ಅಕ್ಕಾ."

"ಸುಳ್ಳೇನಲ್ಲಲ್ರಿ ಅದು? ನಾ ಫಕೀರಪ್ಪನ ಮಗಳ ಹೌದಲ್ಲ. ಗಂಡನ ಮನಿಗೆ ಹ್ವಾದ ಕೂಡ್ಲೆ ಅಪ್ಪ ಅಳಿಸಿ ಹೋಗ್ತಾನೇನು? ಎರಡೂ ಬರಿರಿ ಈಗ. ಮಗಳೂ ಹೌದು, ಹೆಂಡ್ತಿನೂ ಹೌದು ಅಂತ ಬರಿರಿ. ರೊಟ್ಟಿ ತಿನ್ರಿ, ಆರ್ತೈತಿ."

ಅಕ್ಕಾ, ಅಂದಿನಿಂದ ಇಂದಿನವರೆಗೆ ಎಷ್ಟೋ ವಕೀಲರ ವಾದ ಕೇಳಿದ್ದೇನೆ. ಇಷ್ಟು ನೇರವಾದ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ. ಅದನ್ನು ನಿಮಗೆ ಅಂದೇ ಹೇಳಬೇಕಿತ್ತು. ರೊಟ್ಟಿ ತಿನ್ನುವ ನೆಪದಲ್ಲಿ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡೆ.

ಧಾರವಾಡದ ವಕೀಲರು ಹೆಸರಿನ ತಿದ್ದುಪಡಿಗೆ ಬೇರೆ ಅರ್ಜಿ ಸೇರಿಸಿದರು. ತಪ್ಪು ನನ್ನದೇ ಎಂದು ನಾನು ಪ್ರಮಾಣ ಮಾಡಿ ಬರೆದುಕೊಟ್ಟೆ. "ನಾಳೆ ಎದುರಿನವರು ನಿನ್ನ ಮ್ಯಾಲೆ ಏನೇನೋ ಅಂತಾರ, ನೋಡಪಾ" ಎಂದು ಅವರು ಎಚ್ಚರಿಸಿದರು. ಅಂದುಕೊಳ್ಳಲಿ ಎಂದೆ. ಕೋರ್ಟಿನ ಕಾರಕೂನರು ಆ ಅರ್ಜಿಯ ಮೇಲೆ ಹೆಬ್ಬೆಟ್ಟು ಹಾಕಿಸಿಕೊಳ್ಳುವ ಮೊದಲು ನಿಮ್ಮನ್ನು ಕೇಳಿದರು, "ಗಂಡನ ಹೆಸರೇನವಾ?" ನಾನು ಹೇಳಲು ಬಾಯಿ ತೆರೆದೆ. ನೀವು ಕೈಯಿಂದ ನನ್ನನ್ನು ತಡೆದಿರಿ. "ಲಕ್ಷ್ಮಪ್ಪ. ಚಿಕ್ಕೇರೂರು ಲಕ್ಷ್ಮಪ್ಪ" ಎಂದಿರಿ. ಆ ಉದ್ದನೆಯ ಕೋಣೆಯಲ್ಲಿ ಬರೆಯುತ್ತಿದ್ದವರೆಲ್ಲ ತಲೆ ಎತ್ತಿ ನೋಡುವಷ್ಟು ಗಟ್ಟಿಯಾಗಿ.

ಎರಡು ವರ್ಷ ತಾರೀಖಿನ ಮೇಲೆ ತಾರೀಖು ಬಿತ್ತು. ನೀವು ಒಂದಕ್ಕೂ ತಪ್ಪಲಿಲ್ಲ. ೧೯೬೨ರ ಜುಲೈನಲ್ಲಿ ಕೊನೆಗೆ ವಿಚಾರಣೆ ನಡೆಯಿತು. ವಯಸ್ಸಾದ ನ್ಯಾಯಾಧೀಶರು, ಕಿವಿ ಸ್ವಲ್ಪ ಮಂದ. ಎದುರು ಪಕ್ಷದವರು, ಪರಧರ್ಮದ ಬಳೆಗಾರ್ತಿಗೆ ಲಗ್ನದ ವಿಧಿ ತಿಳಿಯುವುದು ಸಾಧ್ಯವಿಲ್ಲ ಎಂದು ಅರ್ಧ ತಾಸು ಇಂಗ್ಲಿಷಿನಲ್ಲಿ ವಾದಿಸಿದರು. ನ್ಯಾಯಾಧೀಶರು ನನ್ನ ಅವ್ವನ ಹೇಳಿಕೆಯ ಹಾಳೆ ತೆಗೆದು ತಾವೇ ಓದಿಕೊಂಡರು. ಮತ್ತೊಮ್ಮೆ ಓದಿಕೊಂಡರು. ಆಮೇಲೆ ಕನ್ನಡಕದ ಮೇಲಿಂದ ನೋಡಿ ಕನ್ನಡದಲ್ಲೇ ಕೇಳಿದರು:

"ವಿಧಿ ಗೊತ್ತಿಲ್ಲ, ಖರೆ. ಆಕಿಗೆ ಬಳಿ ಗೊತ್ತೈತೋ ಇಲ್ಲೋ?"

ಎದುರು ಪಕ್ಷದ ವಕೀಲರು ತಡವರಿಸಿದರು. "ಬಳಿ ಗೊತ್ತಿರಬಹುದ್ರಿ, ಆದ್ರ..."

"ಗಂಡ ಸತ್ತ ಹೆಣಮಗಳ ಕೈಗೆ, ತೌರಮನಿಯಾಗ, ಎಲ್ಲಾರ ಎದುರಿಗೆ ಹಸರ ಬಳಿ ಇಡಸ್ತಾರ. ಮುತ್ತೈದಿಯಾಗಿ ಬಾಳು ಅಂತ ಬಳೆಗಾರ್ತಿ ಹರಸ್ತಾಳ. ಆ ದಿವಸ ಆ ಮನಿಯಾಗ ಮತ್ತೇನ ನಡದಿತ್ತು ಅಂತ ನೀವು ಹೇಳ್ತೀರಿ?"

ಆ ವಕೀಲರು ಕೈಯಲ್ಲಿದ್ದ ಕಾಗದ ಮಡಿಸಿ ಕುಳಿತರು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅವ್ವ, ಅಷ್ಟು ದೂರಕ್ಕೆ ಸರಿಯಾಗಿ ಕೇಳಿಸದೆ, "ಏನಂದ್ರೋ? ಏನಂದ್ರೋ?" ಎಂದು ನನ್ನ ತೋಳು ಹಿಂಡುತ್ತಿದ್ದಳು.

ಹದಿನೈದು ದಿನಕ್ಕೆ ತೀರ್ಪು ಬಂತು. ಉಡಿಕಿ ರುಜುವಾತಾಗಿದೆ, ಯಂಕವ್ವ ಲಕ್ಷ್ಮಪ್ಪನ ಧರ್ಮಪತ್ನಿ, ಸರೋಜಾ ಅವನ ಔರಸ ಮಗಳು, ಲಕ್ಷ್ಮಪ್ಪನ ಪಾಲಿನ ಆರು ಎಕರೆಯೂ ಅರ್ಧ ಮನೆಯೂ ಇವರಿಬ್ಬರದು. ಕೊನೆಯ ಪರಿಚ್ಛೇದವನ್ನು ನಿಮಗೆ ಆಗಲೇ ಎರಡು ಸಲ ಓದಿ ಹೇಳಿದ್ದೆ. ಸರೋಜಾ ಕೇಳಲಿ ಎಂದು ಮತ್ತೆ ಬರೆಯುತ್ತೇನೆ: ಕೆಳಗಿನ ಕೋರ್ಟು ಈ ಹೆಣ್ಣುಮಗಳ ಬಗ್ಗೆ ಬಳಸಿದ ಮಾತಿಗೆ ಯಾವ ಆಧಾರವೂ ಇಲ್ಲ, ಆ ಮಾತು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಅದನ್ನು ತೆಗೆದುಹಾಕತಕ್ಕದ್ದು. ನಾನು ಓದಿ ಮುಗಿಸಿದಾಗ ನೀವು ಕೋರ್ಟಿನ ಅಂಗಳದಲ್ಲಿ ನೆಲದ ಮೇಲೆ ಕುಳಿತಿರಿ. ನಾಲ್ಕು ವರ್ಷದಲ್ಲಿ ನಾನು ನಿಮ್ಮ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಅವ್ವ ನಿಮ್ಮ ತಲೆಯನ್ನು ಎದೆಗೆ ಒತ್ತಿಕೊಂಡು ತಾನೂ ಅತ್ತಳು.

ಸುಮ್ಮನಿರದೆ ಮಹಾಲಿಂಗಪ್ಪನವರು ಬೆಂಗಳೂರಿನ ಹೈಕೋರ್ಟಿಗೆ ಹೋದರು. ನೋಟೀಸು ಬಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಆ ಮನುಷ್ಯನಿಗೆ ನಾಚಿಕೆ ಬೇಡವೇ ಎಂದು ನಿಮ್ಮೆದುರೇ ಕೂಗಾಡಿದೆ. ನೀವು ಹೊಸ್ತಿಲಲ್ಲಿ ಕುಳಿತು ಹತ್ತಿ ಬಿಡಿಸುತ್ತಿದ್ದಿರಿ. "ಒದರ್ಲಿ ಬಿಡ್ರಿ. ನನಗ ಕೇಳಿಸ್ಲಿಲ್ಲ ಅಂತ ನಾ ಒದರಿದೆ. ಅವಂಗೂ ಹಂಗ ಅನ್ನಿಸಿರಬೇಕು. ಒದರೂ ಹಕ್ಕು ನನಗೊಬ್ಬಾಕಿಗೇನ್ರಿ?" ಎಂದಿರಿ. ಆ ದಿನ ನನಗೆ ನಾಚಿಕೆಯಾಯಿತು. ಕಾನೂನಿನ ಪುಸ್ತಕಗಳ ನಡುವೆ ಕೂತ ನಾನು ಅಪೀಲನ್ನು ನಮ್ಮವರಿಗೆ ಮಾತ್ರ ಇರುವ ಆಯುಧವೆಂದು ತಿಳಿದಿದ್ದೆ. ೧೯೬೪ರಲ್ಲಿ ಹೈಕೋರ್ಟು ಅವರ ಅಪೀಲನ್ನು ವಜಾ ಮಾಡಿತು. ಆಗಲೂ ನೀವು ಊರಲ್ಲಿ ಸಕ್ಕರೆ ಹಂಚಲಿಲ್ಲ. ಮೈದುನನ ಮನೆಯ ಮುಂದೆ ಹಾಯ್ದು ಹೋಗುವಾಗ ತಲೆ ಎತ್ತಿ ನಡೆಯಲೂ ಇಲ್ಲ, ತಗ್ಗಿಸಿ ನಡೆಯಲೂ ಇಲ್ಲ ಎಂದು ಅವ್ವ ಹೇಳುತ್ತಿದ್ದಳು.

ಇಷ್ಟು ವರ್ಷ ಹೇಳದ ಒಂದು ಮಾತನ್ನು ಈಗ ಬರೆಯುತ್ತೇನೆ. ಆ ತಪ್ಪಾದ ಮೇಲೆ ಯಾರ ಹೆಸರು ಬರೆಯುವುದಿದ್ದರೂ ಪೆನ್ನು ಎತ್ತಿಹಿಡಿದು, "ನಿಮ್ಮನ್ನ ಏನಂತ ಬರೀಲಿ?" ಎಂದು ಕೇಳಿಯೇ ಬರೆಯುತ್ತೇನೆ. ಎಷ್ಟೋ ಹೆಣ್ಣುಮಕ್ಕಳು ಬೆರಗಾಗುತ್ತಾರೆ. ಅವರನ್ನು ಹಾಗೆ ಯಾರೂ ಕೇಳಿರುವುದಿಲ್ಲ. ಈಚೆಗೆ ಅವರಲ್ಲಿ ಕೆಲವರು ಪಡಸಾಲೆಗೆ ಬಂದು, "ಚಿಕ್ಕೇರೂರು ಯಂಕವ್ವ ಕಳಿಸ್ಯಾಳ್ರಿ" ಎನ್ನುತ್ತಾರೆ. ಹಂಸಭಾವಿಯ ಇಬ್ಬರು, ತಿಳವಳ್ಳಿಯ ಒಬ್ಬರು, ಕಳೆದ ವರ್ಷ ನಮ್ಮ ಸವಣೂರಿನ ರೋಶನಬಿ. ಅವರಿಗೆ ನೀವು ಏನು ಹೇಳಿ ಕಳುಹಿಸುತ್ತೀರೋ ಕಾಣೆ. ಬಂದವರು ಯಾರೂ ಅಳುತ್ತಾ ಬರುವುದಿಲ್ಲ.

ಮೊನ್ನೆ ಶುಕ್ರವಾರ ಇಪ್ಪತ್ತರ ಆಸುಪಾಸಿನ ಇನ್ನೊಬ್ಬಳು ಬಂದಳು. ಕಂಕುಳಲ್ಲಿ ಎಳೆಗೂಸು. ಆಡೂರಿಗೆ ಕೊಟ್ಟ ಹೆಣ್ಣು. ಗಂಡನ ಮನೆಯವರು ಹೊರಗೆ ಹಾಕಿದ್ದಾರೆ, ಜೀವನಾಂಶಕ್ಕೆ ಹಾಕಿದ ದಾವೆ ಕೆಳಗಿನ ಕೋರ್ಟಿನಲ್ಲಿ ಬಿದ್ದುಹೋಗಿದೆ. ಅಪೀಲು ಹಾಕಬೇಕು ಎಂದಳು. ಹೆಸರು ಕೇಳಿದೆ. ಸುಶೀಲವ್ವ. ನಿನ್ನನ್ನು ಯಾರು ಕಳುಹಿಸಿದರು ಎಂದೆ.

"ನಮ್ಮ ದೊಡ್ಡವ್ವ ಕಳಿಸ್ಯಾಳ್ರಿ."

"ದೊಡ್ಡವ್ವ ಅಂದ್ರ ಯಾರವಾ?"

"ಚಿಕ್ಕೇರೂರು ಯಂಕವ್ವ. ನಮ್ಮ ದೊಡ್ಡಪ್ಪ ಲಕ್ಷ್ಮಪ್ಪನ ಹೆಂಡ್ತಿ."

ನಾನು ಪೆನ್ನು ಕೆಳಗಿಟ್ಟೆ. ತವರ ಅಪ್ಪನ ಹೆಸರೇನು ಎಂದು ಕೇಳುವ ಅಗತ್ಯವಿರಲಿಲ್ಲ. ಕಿಟಕಿಯಿಂದ ನೋಡಿದೆ. ರಸ್ತೆಯ ಆಚೆ ಬಿಸಿಲಲ್ಲಿ, ಕೈಯಲ್ಲಿ ಛತ್ರಿಯಿದ್ದೂ ಬಿಚ್ಚದೆ, ಮಹಾಲಿಂಗಪ್ಪನವರು ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಬಾಗಿಲಿಗೆ ಹೋಗಿ ಒಳಗೆ ಬನ್ನಿ ಎಂದು ಕರೆದೆ. ಬರಲಿಲ್ಲ. ಅಲ್ಲಿಂದಲೇ ಹೇಳಿದರು: "ಇರ್ಲಿ ಬಿಡ್ರಿ. ಅತ್ತಿಗಿ ಹೇಳ್ಯಾರ, ನಿಮ್ಮ ಕಡೆ ಬಿಟ್ಟು ಬಾ ಅಂತ. ಬಿಟ್ಟೇನಿ."

ಕಾಗದ ಸಿದ್ಧವಾ‌ಗಿದೆ ಅಕ್ಕಾ. ಹತ್ತೊಂಬತ್ತನೇ ತಾರೀಖು ಸೋಮವಾರ ಧಾರವಾಡಕ್ಕೆ ಹೋಗಬೇಕು. ಅವ್ವನ ಕಾಲು ಬಾತುಕೊಂಡಿವೆ, ಅವಳಿಂದ ಆಗುವುದಿಲ್ಲ. ನಿಮಗೆ ಹತ್ತಿಯ ಕೆಲಸ ಇದೆ ಎಂದು ಗೊತ್ತು. ಆದರೂ ಸುಶೀಲವ್ವ, ದೊಡ್ಡವ್ವ ಬಂದರೆ ಹೆದರಿಕೆಯಿಲ್ಲ ಎನ್ನುತ್ತಾಳೆ. ಮುಂಜಾನೆ ಏಳರ ಬಸ್ಸಿಗೆ ನಾನು, ಸುಶೀಲವ್ವ, ಅವಳ ಕೂಸು, ಮೂವರೂ ನಿಮಗಾಗಿ ಕಾಯುತ್ತೇವೆ.

ಸರೋಜಾಳ ಓದು ಏರಲಿ, ನಿಮ್ಮ ಕೈಕಾಲು ಗಟ್ಟಿಯಾಗಿರಲಿ, ನಿಮ್ಮ ದನಿಗೆ ಯಾವತ್ತೂ ಬಲ ಇರಲಿ ಎಂದು ಅಲ್ಲಾಹನಲ್ಲಿ ಬೇಡುತ್ತಾ,

ನಿಮ್ಮ ತಮ್ಮನಂಥವನು
ಮಕ್ತುಮಸಾಬ